ಮದುವೆಯಲ್ಲಿ ಏನು ಹೇಳಬೇಕು, ಏನು ಬರೆಯಬೇಕು: ಲಗ್ನಪತ್ರಿಕೆ ತಿದ್ದುವವಳ ಕೈಪಿಡಿ

‘ಮದುವೆಗೆ ನಾಲ್ಕು ಮಾತು ಬರೆದುಕೊಡಿ ಅಕ್ಕಾ’ ಎಂದು ಬಂದವರನ್ನು ನಾನು ಮೊದಲು ಕೇಳುವುದು ಇಷ್ಟು: ಈ ಮಾತನ್ನು ಹೇಳುವವರು ಯಾರು? ಮದುವೆಮನೆಯಲ್ಲಿ ಮೂರು ಬಗೆಯ ಮಾತುಗಳಿವೆ. ಗಂಡು ಹೆಣ್ಣು ಒಬ್ಬರಿಗೊಬ್ಬರು ಕೊಡುವ ವಚನ ಒಂದು. ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುವುದು ಇನ್ನೊಂದು. ನೆಂಟರು, ಸ್ನೇಹಿತರು, ಕಚೇರಿಯವರು ಹಾರೈಸುವುದು ಮೂರನೆಯದು. ಇವು ಅದಲುಬದಲಾದರೆ ಎಡವಟ್ಟು. ಇಪ್ಪತ್ತೈದರ ಹುಡುಗ ತನಗಿಂತ ದೊಡ್ಡವಳಾದ ಸಹೋದ್ಯೋಗಿಯ ಕಾರ್ಡಿನಲ್ಲಿ ‘ದೀರ್ಘಸುಮಂಗಲೀ ಭವ’ ಎಂದು ಬರೆಸುತ್ತಾನೆ. ಎಪ್ಪತ್ತರ ಸೋದರಮಾವ ವೇದಿಕೆ ಹತ್ತಿ ‘ಹ್ಯಾಪಿ ಮ್ಯಾರೀಡ್ ಲೈಫ್’ ಎಂದು ಕೈಕುಲುಕಿ ಇಳಿದುಬಿಡುತ್ತಾರೆ. ಹುಡುಗಿ ಅವರ ಬಾಯಿಂದ ಒಂದು ಒಳ್ಳೆಯ ಮಾತಿಗಾಗಿ ಕಾಯುತ್ತಿರುತ್ತಾಳೆ.

ದಾವಣಗೆರೆಯ ಮಂಡಿಪೇಟೆಯ ಓಣಿಯೊಂದರಲ್ಲಿ ನಮ್ಮದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್. ಯಜಮಾನರಿದ್ದಾಗ ಮೊಳೆ ಜೋಡಿಸುತ್ತಿದ್ದೆವು, ಈಗ ಕಂಪ್ಯೂಟರ್. ಕರಡು ತಿದ್ದುವ ಕೆಲಸ ಆಗಲೂ ನನ್ನದೇ, ಈಗಲೂ ನನ್ನದೇ. ನಮ್ಮ ಊರು ಪೂರ್ತಿ ಉತ್ತರ ಕರ್ನಾಟಕವೂ ಅಲ್ಲ, ಪೂರ್ತಿ ದಕ್ಷಿಣವೂ ಅಲ್ಲ. ಹಾಗಾಗಿ ‘ಅಕ್ಷತಾರೋಪಣ’ದ ಕಾರ್ಡು, ‘ಧಾರಾಮುಹೂರ್ತ’ದ ಕಾರ್ಡು, ನಿಕಾಹ್‌ನ ಕಾರ್ಡು, ಹರಿಹರದ ಚರ್ಚಿನಲ್ಲಿ ನಡೆಯುವ ಮದುವೆಯ ಕಾರ್ಡು ಒಂದೇ ವಾರದಲ್ಲಿ ನನ್ನ ಮೇಜಿಗೆ ಬರುತ್ತವೆ. ಕಾರ್ಡು ತೆಗೆದುಕೊಂಡು ಹೋಗಲು ಬಂದವರು ಹಾಗೆಯೇ ನಿಂತು ಮಾತು ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಹಾರೈಕೆ: ಎರಡು ಸಾಲು ಸಾಕು

ಉಡುಗೊರೆಯ ಮೇಲಿನ ಚೀಟಿಯಾಗಲಿ, ವಾಟ್ಸ್ಆ್ಯಪ್ ಸಂದೇಶವಾಗಲಿ, ಕಚೇರಿಯವರೆಲ್ಲ ಸೇರಿ ಕೊಡುವ ಫಲಕವಾಗಲಿ, ಮೊದಲು ಇಬ್ಬರ ಹೆಸರನ್ನೂ ಬರೆಯಿರಿ. ನಿಮಗೆ ಗೊತ್ತಿರುವುದು ಹುಡುಗನೊಬ್ಬನೇ ಆದರೂ ಹುಡುಗಿಯ ಹೆಸರನ್ನು ಆಮಂತ್ರಣದಲ್ಲಿ ನೋಡಿ, ಅಲ್ಲಿರುವ ಕಾಗುಣಿತದಲ್ಲೇ ಬರೆಯಿರಿ. ಆಮೇಲೆ ಅವರ ಬಗ್ಗೆ ನಿಮಗೆ ಗೊತ್ತಿರುವ ಒಂದು ಸಂಗತಿ. ಅದರಿಂದಲೇ ಹೊರಡುವ ಒಂದು ಹಾರೈಕೆ. ಮುಗಿಯಿತು.

‘ನಿಮ್ಮ ದಾಂಪತ್ಯ ಹಾಲುಜೇನಿನಂತಿರಲಿ’ ಎಂಬ ಸಾಲನ್ನು ನಾನು ಇನ್ನು ಅಚ್ಚು ಹಾಕುವುದಿಲ್ಲ ಎಂದು ತಮಾಷೆಗೆ ಹೇಳುವುದುಂಟು. ದುಡ್ಡು ಕೊಟ್ಟರೆ ಹಾಕುತ್ತೇನೆ, ಬಿಡಿ. ಆದರೆ ಅದನ್ನು ಓದಿದವರಿಗೆ ಬರೆದವರ ಮುಖ ನೆನಪಾಗುವುದಿಲ್ಲ. ಬ್ಯಾಂಕಿನ ಹುಡುಗಿಯೊಬ್ಬಳು ತನ್ನ ಗೆಳತಿಗೆ ಬರೆಸಬೇಕೆಂದು ಬಂದಳು. ಆ ಗೆಳತಿ ಹೇಗೆ ಎಂದು ಕೇಳಿದೆ. ‘ಊಟದ ಹೊತ್ತಿಗೆ ಎಲ್ಲರನ್ನೂ ಕುರ್ಚಿಯಿಂದ ಎಬ್ಬಿಸಿ ಕರೆದುಕೊಂಡು ಹೋಗುವವಳು ಅವಳೇ’ ಎಂದಳು. ಇಷ್ಟು ಸಿಕ್ಕ ಮೇಲೆ ಉಳಿದದ್ದೇನು ಕಷ್ಟ? ‘ನಮ್ಮನ್ನೆಲ್ಲ ಊಟಕ್ಕೆ ಎಬ್ಬಿಸುತ್ತಿದ್ದವಳು ನೀನು. ನಿನ್ನ ಮನೆಯ ಪಂಕ್ತಿಯೂ ಹಾಗೆಯೇ ತುಂಬಿರಲಿ. ಬಡಿಸುವ ಕೈ ಮಾತ್ರ ಇಬ್ಬರದೂ ಆಗಿರಲಿ.’ ಗಂಡ ಹೆಂಡತಿ ಬೇರೆ ಬೇರೆ ಊರಿನಲ್ಲಿ ಕೆಲಸದಲ್ಲಿದ್ದರೆ ‘ಶುಕ್ರವಾರ ರಾತ್ರಿಯ ಬಸ್ಸಿನಲ್ಲಿ ನಿಮಗೆ ಸದಾ ಸೀಟು ಸಿಗಲಿ, ಬೇಗ ವರ್ಗಾವಣೆಯಾಗಲಿ’ ಎಂದರೆ ಅವರು ನಕ್ಕು, ಚೀಟಿಯನ್ನು ಎತ್ತಿಟ್ಟುಕೊಳ್ಳುತ್ತಾರೆ.

ಬರೆಯಬಾರದ್ದು ಯಾವುದು ಎಂದರೆ, ಮಕ್ಕಳ ವಿಷಯ. ‘ಬೇಗ ಸಿಹಿಸುದ್ದಿ ಕೊಡಿ’ ಎನ್ನುವ ಹಕ್ಕು ಅಜ್ಜಿಗೆ ಮಾತ್ರ, ಅದೂ ಕಿವಿಯಲ್ಲಿ. ಹುಡುಗನಿಗೆ ‘ಇನ್ನು ನಿನ್ನ ಸ್ವಾತಂತ್ರ್ಯ ಮುಗಿಯಿತು’ ಎಂಬ ಹಾಸ್ಯವೂ ಬೇಡ. ಪಕ್ಕದಲ್ಲಿ ನಿಂತ ಹುಡುಗಿ ಅದನ್ನು ಕೇಳಿಸಿಕೊಂಡು ನಗಲೇಬೇಕಾಗುತ್ತದೆ. ಇನ್ನು ಎರಡನೆಯ ಮದುವೆಗೆ ಬರೆಯುವಾಗ ‘ಹೊಸ ಬಾಳು’, ‘ಕೊನೆಗೂ ನೆಲೆ ಸಿಕ್ಕಿತು’ ಎಂಬಂಥವನ್ನು ಬಿಡಿ. ಅವರ ಹಳೆಯ ಬಾಳನ್ನು ಅಳೆಯಲು ನಿಮ್ಮನ್ನು ಕರೆದಿಲ್ಲ. ಮನೆಗೆ ಮಗುವೂ ಬರುತ್ತಿದ್ದರೆ ಅದರ ಹೆಸರನ್ನೂ ಸೇರಿಸಿ: ‘ನಿಮ್ಮ ಮೂವರಿಗೂ’ ಎಂಬ ಒಂದು ಪದ ಆ ಮನೆಗೆ ಬಹಳ ದೊಡ್ಡದು.

ಕಾಗುಣಿತ ನನ್ನ ಹೊಟ್ಟೆಪಾಡು, ಹಾಗಾಗಿ ಅದನ್ನು ಹೇಳದೆ ಮುಂದೆ ಹೋಗಲಾರೆ. ‘ಹಾರ್ದಿಕ’ ಎಂಬುದರಲ್ಲಿ ದಕಾರಕ್ಕೆ ಹೊಟ್ಟೆ ಸೀಳಬೇಡಿ. ‘ಶುಭಾಶಯ’ದಲ್ಲಿ ಶಕಾರವೇ ಎರಡು ಕಡೆಯೂ. ‘ಆಶೀರ್ವಾದ’ಕ್ಕೆ ದೀರ್ಘ. ‘ದಾಂಪತ್ಯ’ಕ್ಕೆ ಮಹಾಪ್ರಾಣವಿಲ್ಲ. ಊರಿನ ಫ್ಲೆಕ್ಸುಗಳನ್ನು ನೋಡಿ ಕಲಿಯಬೇಡಿ, ಅವುಗಳಲ್ಲಿ ಈ ನಾಲ್ಕೂ ತಪ್ಪಾಗಿರುತ್ತವೆ.

ಹರಕೆ: ವೇದಿಕೆ ಹತ್ತುವ ಹಿರಿಯರಿಗೆ

ಹಿರಿಯರಿಗೆ ಮಾದರಿ ಬೇಕಿದ್ದರೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಋಗ್ವೇದದ ಹತ್ತನೆಯ ಮಂಡಲದ 85ನೆಯ ಸೂಕ್ತ ಸೂರ್ಯನ ಮಗಳು ಸೂರ್ಯೆಯ ಮದುವೆಯದು. ಇಂದಿಗೂ ಪುರೋಹಿತರು ಅದರಿಂದಲೇ ಮಂತ್ರಗಳನ್ನು ತೆಗೆದು ಹೇಳುತ್ತಾರೆ. ಅದರಲ್ಲಿ ಬಂದ ಅತಿಥಿಗಳನ್ನೇ ಉದ್ದೇಶಿಸಿದ ಒಂದು ಮಂತ್ರವಿದೆ: ‘ಸುಮಂಗಲೀರಿಯಂ ವಧೂರಿಮಾಂ ಸಮೇತ ಪಶ್ಯತ, ಸೌಭಾಗ್ಯಮಸ್ಯೈ ದತ್ತ್ವಾಯಾಥಾಸ್ತಂ ವಿ ಪರೇತನ.’ ಈ ವಧು ಮಂಗಳಕರಳು, ಎಲ್ಲರೂ ಬನ್ನಿ, ನೋಡಿ, ಇವಳಿಗೆ ಸೌಭಾಗ್ಯವನ್ನು ಹರಸಿ ನಿಮ್ಮ ನಿಮ್ಮ ಮನೆಗೆ ಹೊರಡಿ. ಮೈಕು ಹಿಡಿದರೆ ಬಿಡದ ನಮ್ಮ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಸೂಚನೆ ಇನ್ನೊಂದಿಲ್ಲ. ಬನ್ನಿ, ನೋಡಿ, ಹರಸಿ, ಹೊರಡಿ.

ಅದೇ ಸೂಕ್ತದಲ್ಲಿ ‘ಇಹೈವ ಸ್ತಂ ಮಾ ವಿ ಯೌಷ್ಟಂ’ ಎಂದು ಇಬ್ಬರಿಗೂ ಸೇರಿಸಿ ಹರಸುವ ಮಂತ್ರವಿದೆ: ಇಲ್ಲಿಯೇ ಇರಿ, ಅಗಲಬೇಡಿ, ಪೂರ್ಣ ಆಯುಷ್ಯವನ್ನು ಪಡೆಯಿರಿ, ಮಕ್ಕಳು ಮೊಮ್ಮಕ್ಕಳೊಡನೆ ಆಡುತ್ತ ನಿಮ್ಮ ಮನೆಯಲ್ಲಿ ನಲಿಯಿರಿ. ಸಂಸ್ಕೃತ ಬಾಯಿಗೆ ಬರದವರು ಈ ಅರ್ಥವನ್ನೇ ಕನ್ನಡದಲ್ಲಿ ಹೇಳಿದರೆ ಹರಕೆಗೆ ಏನೂ ಕೊರತೆಯಾಗುವುದಿಲ್ಲ. ಬಾಯಿಗೆ ಬರುವವರು ‘ಶತಮಾನಂ ಭವತಿ ಶತಾಯುಃ ಪುರುಷಃ’ ಎನ್ನಲಿ. ಮಂತ್ರವನ್ನು ಅರ್ಧಕ್ಕೆ ಮರೆತು ‘ಇತ್ಯಾದಿ’ ಎನ್ನುವುದಕ್ಕಿಂತ ‘ನೂರು ವರ್ಷ ತಣ್ಣಗೆ ಬಾಳಿ’ ಎಂಬುದು ಎಷ್ಟೋ ವಾಸಿ. ‘ಅಷ್ಟಪುತ್ರವತೀ ಭವ’ ಎನ್ನುವವರು ಇನ್ನೂ ಇದ್ದಾರೆ. ಅವರು ಎಂಟು ಮಕ್ಕಳ ಶಾಲೆಯ ಶುಲ್ಕದ ಬಗ್ಗೆಯೂ ಒಂದು ಮಂತ್ರ ಹೇಳಿ ಇಳಿಯುವುದು ಒಳ್ಳೆಯದು.

ವೇದಿಕೆಯ ಮೇಲೆ ಮಾತನಾಡಲೇಬೇಕಾದವರು ಹೀಗೆ ಮಾಡಿ. ಮೊದಲು ಎರಡೂ ಮನೆಯ ಹಿರಿಯರನ್ನು ಹೆಸರು ಹಿಡಿದು ನೆನೆಯಿರಿ. ನೀವು ಗಂಡಿನ ಕಡೆಯವರಾದರೆ ಹೆಣ್ಣಿನ ಮನೆಯವರನ್ನು ಮೊದಲು ಹೇಳಿ. ಬೀಗರ ಮುಖ ಅಲ್ಲಿಯೇ ಅರಳುತ್ತದೆ. ಆಮೇಲೆ ನಿಮ್ಮ ಮಗು ಎಂಥದು ಎಂದು ಒಂದು ಸಣ್ಣ ಘಟನೆಯಿಂದ ತೋರಿಸಿ. ಅಂಕಪಟ್ಟಿ, ಸಂಬಳ, ಅಮೆರಿಕ ಇವು ಯಾವುವೂ ಬೇಡ. ‘ಇವಳು ಎಂಟನೆಯ ತರಗತಿಯಲ್ಲಿದ್ದಾಗ ಅಜ್ಜನಿಗೆ ಪೇಪರು ಓದಿ ಹೇಳಿಯೇ ಶಾಲೆಗೆ ಹೋಗುತ್ತಿದ್ದಳು’ ಎಂಬಷ್ಟು. ಕೊನೆಗೆ ಹರಕೆ. ಎಲ್ಲ ಸೇರಿ ಮೂರು ನಿಮಿಷ. ಕೆಳಗೆ ಎರಡನೆಯ ಪಂಕ್ತಿಗೆ ಎಲೆ ಹಾಕಿರುತ್ತಾರೆ ಎಂಬುದು ನೆನಪಿರಲಿ.

ಅಕ್ಷತೆಯ ಬಗ್ಗೆಯೂ ಒಂದು ಮಾತು. ಮಂಗಲಾಷ್ಟಕ ಹೇಳುವ ಮದುವೆಯಲ್ಲಿ ‘ಕುರ್ಯಾತ್ ಸದಾ ಮಂಗಲಮ್’ ಎಂದು ಒಂದೊಂದು ಶ್ಲೋಕ ಮುಗಿದಾಗಲೂ ನಾಲ್ಕು ಕಾಳು ಹಾಕಬೇಕು. ಮೊದಲನೆಯದಕ್ಕೇ ಕೈ ಬರಿದು ಮಾಡಿಕೊಂಡು, ಕೊನೆಗೆ ಅಂತರಪಟ ಸರಿಯುವ ಹೊತ್ತಿಗೆ ಪಕ್ಕದವರ ಅಂಗೈ ನೋಡುವವರೇ ಹೆಚ್ಚು. ದೂರದಿಂದ ಎಸೆಯಬೇಡಿ, ಅದು ನಡುವಿನ ಸಾಲಿನವರ ಕೊರಳೊಳಗೆ ಇಳಿಯುತ್ತದೆ. ಹತ್ತಿರ ಹೋಗಿ ತಲೆಯ ಮೇಲೆ ಹಾಕಿ. ಎಲ್ಲರ ಮದುವೆಯಲ್ಲೂ ಅಕ್ಕಿಯೇ ಇರುತ್ತದೆ ಎಂದುಕೊಳ್ಳಬೇಡಿ. ಬಸವತತ್ತ್ವದವರು ನಡೆಸುವ ವಚನ ಮಾಂಗಲ್ಯದಲ್ಲಿ ಅಕ್ಕಿಯ ಬದಲು ಹೂವಿನ ಎಸಳು ಕೊಡುತ್ತಾರೆ, ಮುಹೂರ್ತದ ಗೊಡವೆಯೂ ಇರುವುದಿಲ್ಲ. ಅಲ್ಲಿ ಹೋಗಿ ‘ಲಗ್ನ ಎಷ್ಟು ಹೊತ್ತಿಗೆ?’ ಎಂದು ಕೇಳಬೇಡಿ. ಕೊಡಗಿನಲ್ಲಿ ಕೊಡವರ ಮದುವೆಗೆ ಹೋದರೆ ಪುರೋಹಿತರನ್ನು ಹುಡುಕಬೇಡಿ. ಅಲ್ಲಿ ಹಿರಿಯರೇ ಎಲ್ಲ. ಸಾಲಿನಲ್ಲಿ ಹೋಗಿ ಮೊಣಕಾಲು, ಭುಜ, ತಲೆಯ ಮೇಲೆ ಅಕ್ಕಿ ಹಾಕಿ, ಕಿಂಡಿ ಎಂಬ ಕೊಳವೆಬಾಯಿಯ ಪಾತ್ರೆಯಿಂದ ಗುಟುಕು ಹಾಲು ಕುಡಿಸಿ, ಕಾಣಿಕೆ ಕೊಟ್ಟು ಸರಿಯುತ್ತಾರೆ. ಬಾಯಿಗಿಂತ ಕೈಯೇ ಹರಸುವ ಮದುವೆ ಅದು. ಭಾಷಣಕಾರರಿಗೆ ಅಲ್ಲಿ ಕೆಲಸವಿಲ್ಲ.

ಲಿಂಗಾಯತರ ಕಾರ್ಡುಗಳಲ್ಲಿ ಜೇಡರ ದಾಸಿಮಯ್ಯನ ಸಾಲು ತಪ್ಪದೆ ಇರುತ್ತದೆ: ‘ಸತಿಪತಿಗಳೊಂದಾದ ಭಕ್ತಿ ಹಿತವಾಗಿಪ್ಪುದು ಶಿವಂಗೆ.’ ಹರಸುವವರಿಗೂ ಅದು ಒಳ್ಳೆಯ ಸಾಲು. ಮುಂದಿನ ಸಾಲು ಒಂದಾಗದವರ ಭಕ್ತಿ ಅಮೃತದೊಳು ವಿಷ ಬೆರೆದಂತೆ ಎಂದು ಎಚ್ಚರಿಸುತ್ತದೆ. ಕಾರ್ಡಿನಲ್ಲಿ ಅದನ್ನು ಯಾರೂ ಹಾಕಿಸುವುದಿಲ್ಲ. ಆದರೆ ಒಳಗಿನವರಾದ ಅಜ್ಜನೋ ದೊಡ್ಡಪ್ಪನೋ ಎರಡನ್ನೂ ಹೇಳಿ, ದಾಸಿಮಯ್ಯ ನೇಯುತ್ತಿದ್ದ, ಮಡದಿ ದುಗ್ಗಳೆ ಆ ಕಾಯಕದಲ್ಲೂ ಭಕ್ತಿಯಲ್ಲೂ ಜೊತೆಗಿದ್ದಳು ಎಂದು ಒಂದು ವಾಕ್ಯ ಸೇರಿಸಿದರೆ ಅದು ಹರಕೆಯೂ ಹೌದು, ಬುದ್ಧಿಮಾತೂ ಹೌದು.

ಇನ್ನು, ಹರಸುವುದಕ್ಕೆ ಯಾರನ್ನು ಕರೆಯುತ್ತೀರಿ ಎಂಬುದು. ಯಜಮಾನರು ತೀರಿಕೊಂಡ ಮೇಲೆ ನನ್ನನ್ನು ಆರತಿಗೆ ಕರೆಯುವುದು ನಿಂತಿತು. ಆ ಮದುವೆಗಳ ಕಾರ್ಡು ತಿದ್ದಿದವಳು ನಾನೇ, ‘ಚಿ. ಕುಂ. ಸೌ.’ ಎಂಬುದರಲ್ಲಿ ಚುಕ್ಕೆಗಳು ಸರಿಯಾಗಿ ಬಿದ್ದಿವೆಯೇ ಎಂದು ನೋಡಿದವಳೂ ನಾನೇ. ಹುಡುಗಿಯ ಹೆಸರಿನ ಹಿಂದೆ ಕುಂಕುಮ ಸೌಭಾಗ್ಯವನ್ನು ಕೂರಿಸುವುದಕ್ಕೆ ಆಗುವ ಕೈ ಅಕ್ಷತೆ ಹಾಕುವುದಕ್ಕೆ ಯಾಕೆ ಆಗುವುದಿಲ್ಲ ಎಂದು ನಾನು ಯಾರನ್ನೂ ಕೇಳಲು ಹೋಗಿಲ್ಲ. ಇಲ್ಲಿ ಮಾತ್ರ ಹೇಳುತ್ತೇನೆ: ನಿಮ್ಮ ಮನೆಯ ಮದುವೆಯಲ್ಲಿ ಅಕ್ಷತೆಯ ತಟ್ಟೆ ಹಿಡಿಯುವ ಹುಡುಗರಿಗೆ ಮೊದಲೇ ಹೇಳಿಡಿ, ಮೂಲೆಯ ಕುರ್ಚಿಯಲ್ಲಿ ಕುಳಿತ ಅಜ್ಜಿಯ ಮುಂದೆಯೂ ತಟ್ಟೆ ಹೋಗಬೇಕೆಂದು. ಅವರು ತಾವಾಗಿ ಕೇಳುವುದಿಲ್ಲ. ಈಚೆಗೆ ಕೆಲವು ಹುಡುಗಿಯರು ವಿಧವೆ ತಾಯಿಯನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಮೊದಲ ಅಕ್ಷತೆ ಹಾಕಿಸಿಕೊಳ್ಳುತ್ತಿದ್ದಾರೆ. ಪುರೋಹಿತರು ಒಂದು ಗಳಿಗೆ ಸುಮ್ಮನಾಗಿ, ಮುಂದಿನ ಮಂತ್ರಕ್ಕೆ ಹೋಗುತ್ತಾರೆ. ಅಷ್ಟೇ ಆಗುವುದು.

ಬೇರೆಯವರ ಮನೆಯ ಮದುವೆಗೆ ಹೋದಾಗ

ನಿಕಾಹ್‌ಗೆ ಹೋದವರು ತಿಳಿದಿರಬೇಕಾದದ್ದು ಇಷ್ಟು. ಅದು ಒಪ್ಪಂದ, ಒಂದು ಕಡೆಯ ಪ್ರಸ್ತಾವ, ಇನ್ನೊಂದು ಕಡೆಯ ಒಪ್ಪಿಗೆ, ಸಾಕ್ಷಿಗಳು, ಹುಡುಗನಿಂದ ಹುಡುಗಿಗೆ ಸಲ್ಲಬೇಕಾದ ಮಹರ್ ಎಂಬ ವಧುಧನ. ನಮ್ಮ ಕಡೆ ಸಾಮಾನ್ಯವಾಗಿ ಹುಡುಗಿ ಇರುವ ಕೋಣೆಗೇ ಹೋಗಿ ಅವಳ ಒಪ್ಪಿಗೆ ಪಡೆದು ಬಂದು, ಆಮೇಲೆ ಹುಡುಗನನ್ನು ಕೇಳುತ್ತಾರೆ. ‘ಕುಬೂಲ್ ಹೈ’ ಎಂಬ ಮಾತು ಬರುವ ಹೊತ್ತಿಗೆ ಮಾತುಕತೆ ನಿಲ್ಲಿಸಿ, ಮೊಬೈಲನ್ನು ಕಿಸೆಯಲ್ಲಿಡಿ. ದುವಾ ಮುಗಿದು ಖರ್ಜೂರ ಹಂಚಿದ ಮೇಲೆ ಅಪ್ಪಿಕೊಂಡು ‘ಮುಬಾರಕ್’ ಎನ್ನಿ. ಹೆಂಗಸರಾದರೆ ಹೆಂಗಸರ ಕಡೆಗೆ ಹೋಗಿ ಹುಡುಗಿಯ ತಾಯಿಗೆ ಮೊದಲು ಹೇಳಿ.

ಅವರಲ್ಲಿ ನವದಂಪತಿಗೆ ಹೇಳುವ ದುವಾ ಒಂದಿದೆ: ‘ಬಾರಕಲ್ಲಾಹು ಲಕ, ವ ಬಾರಕ ಅಲೈಕ, ವ ಜಮಅ ಬೈನಕುಮಾ ಫೀ ಖೈರ್.’ ಅಲ್ಲಾಹನು ನಿನಗೆ ಬರಕತ್ ಕೊಡಲಿ, ನಿನ್ನ ಮೇಲೆ ಬರಕತ್ ಇಳಿಸಲಿ, ನಿಮ್ಮಿಬ್ಬರನ್ನೂ ಒಳಿತಿನಲ್ಲಿ ಕೂಡಿಸಲಿ ಎಂದು ಅರ್ಥ. ಇಸ್ಲಾಮಿಗೆ ಮುಂಚಿನ ಅರಬ್ಬರು ಮದುವೆಯಲ್ಲಿ ‘ಹೊಂದಾಣಿಕೆಯಿರಲಿ, ಗಂಡುಮಕ್ಕಳಾಗಲಿ’ ಎಂದು ಹಾರೈಸುತ್ತಿದ್ದರಂತೆ. ಹಾಗೆ ಹೇಳಬೇಡಿ, ಹೀಗೆ ಹೇಳಿ ಎಂದು ಪ್ರವಾದಿಯವರು ತಿದ್ದಿದ್ದನ್ನು ಹದೀಸ್‌ಗಳು ಹೇಳುತ್ತವೆ. ನಮ್ಮ ‘ಅಷ್ಟಪುತ್ರವತೀ’ಯವರು ಇದನ್ನು ಗಮನಿಸಬೇಕು. ಅರಬಿ ನಾಲಿಗೆ ಹೊರಳದಿದ್ದರೆ ‘ಒಳಿತಿನಲ್ಲಿ ಕೂಡಿ ಬಾಳಿ’ ಎಂದು ಕನ್ನಡದಲ್ಲೇ ಹೇಳಿ. ನಮ್ಮ ಪಕ್ಕದ ಬೈಂಡಿಂಗ್ ಅಂಗಡಿಯ ಮಗನ ಮದುವೆಯಲ್ಲಿ ನಾನು ಹೇಳಿದ್ದು ಇದನ್ನೇ.

ಚರ್ಚಿನ ಮದುವೆಗೆ ಮುಂಚೆ ಭಾನುವಾರಗಳಂದು ಪೂಜೆಯ ಹೊತ್ತಿಗೆ ಜೋಡಿಯ ಹೆಸರುಗಳನ್ನು ಓದುತ್ತಾರೆ. ತಕರಾರಿದ್ದವರು ಹೇಳಲಿ ಎಂದು. ಕ್ಯಾಥೊಲಿಕರಲ್ಲಿ ಪಾದ್ರಿಗಳು ಮೊದಲು ಕೇಳುವುದು, ನೀವು ಯಾರ ಬಲವಂತವೂ ಇಲ್ಲದೆ ಬಂದಿದ್ದೀರಾ ಎಂದು. ಆಮೇಲೆ ಇಬ್ಬರೂ ಒಂದೇ ಮಾತನ್ನು ಹೇಳುತ್ತಾರೆ: ಸುಖದಲ್ಲೂ ಕಷ್ಟದಲ್ಲೂ, ಆರೋಗ್ಯದಲ್ಲೂ ಕಾಯಿಲೆಯಲ್ಲೂ ನಿನಗೆ ನಿಷ್ಠೆಯಿಂದಿದ್ದು, ಬದುಕಿರುವಷ್ಟು ದಿನವೂ ನಿನ್ನನ್ನು ಪ್ರೀತಿಸಿ ಗೌರವಿಸುತ್ತೇನೆ. ಅಲ್ಲಿ ಮದುವೆಯ ಸಂಸ್ಕಾರವನ್ನು ನೆರವೇರಿಸುವವರು ಆ ಇಬ್ಬರೇ. ಪಾದ್ರಿಗಳು ಧರ್ಮಸಭೆಯ ಪರವಾಗಿ ಸಾಕ್ಷಿ. ಇದು ಗೊತ್ತಿದ್ದರೆ ಆ ಅರ್ಧ ನಿಮಿಷದಲ್ಲಿ ಫೋಟೊಗಾಗಿ ಎದ್ದು ಓಡಾಡುವುದಿಲ್ಲ. ಕಾರ್ಡಿನಲ್ಲಿ ಬೈಬಲಿನ ವಾಕ್ಯ ಹಾಕಿಸಬೇಕೆಂದು ಬರುವವರು ‘ನೀನು ಹೋದಲ್ಲಿಗೆ ನಾನೂ ಬರುವೆ’ ಎಂಬ ರೂತಳ ಮಾತನ್ನು ತೋರಿಸುತ್ತಾರೆ. ಬಹಳ ಚೆನ್ನಾದ ಮಾತು. ಆದರೆ ರೂತಳು ಅದನ್ನು ಹೇಳಿದ್ದು ಗಂಡನಿಗಲ್ಲ, ತನ್ನ ಅತ್ತೆ ನವೊಮಿಗೆ. ಅತ್ತೆ ಸೊಸೆಯರ ಧಾರಾವಾಹಿ ನೋಡಿ ಬೇಸತ್ತ ನನಗೆ ಅದು ಇನ್ನೂ ಹೆಚ್ಚು ಇಷ್ಟವಾಗುತ್ತದೆ. ಅತ್ತೆಯ ಹೆಸರೂ ಇರುವ ಚೀಟಿಯಲ್ಲಿ ಅದನ್ನು ಧಾರಾಳವಾಗಿ ಬರೆಯಿರಿ.

ಬೌದ್ಧ ಪದ್ಧತಿಯ ಮದುವೆಗಳು ನಮ್ಮ ಕಡೆಯೂ ನಡೆಯುತ್ತವೆ. ಬುದ್ಧ ಮತ್ತು ಅಂಬೇಡ್ಕರ್ ಅವರ ಚಿತ್ರಗಳ ಮುಂದೆ ತ್ರಿಶರಣ, ಪಂಚಶೀಲ ಹೇಳಿ ಹಾರ ಬದಲಾಯಿಸಿಕೊಳ್ಳುತ್ತಾರೆ. ‘ಜೈ ಭೀಮ್’ ಎಂದು ನಮಸ್ಕರಿಸಿ, ‘ಭವತು ಸಬ್ಬ ಮಂಗಲಂ’ ಎನ್ನಿ, ಎಲ್ಲರಿಗೂ ಮಂಗಳವಾಗಲಿ. ಬೀದರಿನ ಕಡೆ ಸಿಖ್ಖರ ಮದುವೆಗೆ ಕರೆ ಬಂದರೆ ತಲೆಗೆ ಬಟ್ಟೆ ಹಾಕಿಕೊಂಡು, ಗುರುಗ್ರಂಥಕ್ಕೆ ನಾಲ್ಕು ಲಾವಾಂ ಸುತ್ತು ಮುಗಿಯುವವರೆಗೆ ನೆಲದ ಮೇಲೆ ಸುಮ್ಮನೆ ಕುಳಿತುಕೊಳ್ಳುವುದೇ ನೀವು ತೋರಿಸುವ ಗೌರವ.

ಉತ್ತರ ಕರ್ನಾಟಕದ ಮನೆಗೆ ಸೊಸೆಯಾಗಿ ಹೋಗುವ ದಕ್ಷಿಣದ ಹುಡುಗಿಯರಿಗೆ ಒಂದು ಕಿವಿಮಾತು. ‘ಒಡಪು ಹೇಳು’ ಎಂದು ಹೆಂಗಸರೆಲ್ಲ ಸುತ್ತುವರಿಯುತ್ತಾರೆ, ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳದೆ ಹೊಸಿಲು ದಾಟಲು ಬಿಡುವುದಿಲ್ಲ. ಹೆದರಬೇಡಿ, ಎರಡು ಸಾಲು ಕಟ್ಟಿಕೊಂಡು ಹೋಗಿ. ಮೊದಲ ಸಾಲಿನಲ್ಲಿ ನಿಮ್ಮ ಊರಿನ ಯಾವುದಾದರೂ ವಸ್ತು, ಎರಡನೆಯದರಲ್ಲಿ ಹೆಸರು, ಕೊನೆಯಲ್ಲಿ ಪ್ರಾಸ. ನಮ್ಮ ಊರಿನ ಹುಡುಗಿಗೆ ನಾನು ಕಟ್ಟಿಕೊಟ್ಟದ್ದು:

ಬೆಣ್ಣೆ ಬೇಕು ದೋಸೆಗೆ, ಅಂಚು ಬೇಕು ಸೀರೆಗೆ,
ಶಿವರಾಜರ ಹೆಸರು ಹೇಳುವೆ ನಿಮ್ಮೆಲ್ಲರ ಆಸೆಗೆ.

ಹುಡುಗನಿಂದಲೂ ಒಂದು ಹೇಳಿಸಿ. ಅವನು ತಡವರಿಸುವುದನ್ನು ನೋಡುವುದು ಅರ್ಧ ಮದುವೆಯ ಸಂತೋಷ.

ವಚನ: ತಾವೇ ಬರೆದುಕೊಳ್ಳುವವರಿಗೆ

ಈಗೀಗ ಜೋಡಿಗಳೇ ಬಂದು, ‘ನಮ್ಮ ಮಾತು ನಾವೇ ಹೇಳಿಕೊಳ್ಳುತ್ತೇವೆ, ಕನ್ನಡ ತಿದ್ದಿಕೊಡಿ’ ಎನ್ನುತ್ತಾರೆ. ಮೊಬೈಲಿನಲ್ಲಿ ಬರೆದು ತಂದದ್ದನ್ನು ಓದಿದರೆ ಅರ್ಧಕ್ಕರ್ಧ ಚಂದ್ರ, ತಾರೆ, ಜನ್ಮಜನ್ಮಾಂತರ. ಜನ್ಮಾಂತರದ ಮಾತು ಕೊಡುವುದು ಸುಲಭ. ಕೇಳುವವರು ಯಾರೂ ಇರುವುದಿಲ್ಲ.

ಹಳೆಯ ವಚನಗಳನ್ನು ಮೊದಲು ನೋಡಿ, ಅವು ಎಷ್ಟು ಗಟ್ಟಿ ನೆಲದ ಮೇಲೆ ನಿಂತಿವೆ ಎಂದು ತಿಳಿಯುತ್ತದೆ. ಕನ್ಯಾದಾನದ ಹೊತ್ತಿಗೆ ಹುಡುಗಿಯ ತಂದೆ, ಧರ್ಮದಲ್ಲಿ, ಅರ್ಥದಲ್ಲಿ, ಕಾಮದಲ್ಲಿ ಇವಳನ್ನು ಮೀರಿ ನಡೆಯಬಾರದು ಎನ್ನುತ್ತಾನೆ. ಹುಡುಗ ‘ನಾತಿಚರಾಮಿ’ ಎನ್ನುತ್ತಾನೆ. ಮೀರುವುದಿಲ್ಲ. ಒಂದೇ ಪದ. ಅದರಲ್ಲಿ ‘ಅರ್ಥ’ ಇದೆ ಎಂಬುದನ್ನು ಗಮನಿಸಿ: ದುಡ್ಡಿನ ವಿಷಯದಲ್ಲೂ ಅವಳನ್ನು ಬಿಟ್ಟು ನಡೆಯುವುದಿಲ್ಲ ಎಂದು ಎಲ್ಲರೆದುರು ಒಪ್ಪಿಕೊಂಡಂತೆ. ಸಪ್ತಪದಿಯಲ್ಲಿ ಮೊದಲ ಹೆಜ್ಜೆ ಅನ್ನಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಸಂಪತ್ತಿಗೆ, ನಾಲ್ಕನೆಯದು ಸುಖಕ್ಕೆ, ಐದನೆಯದು 
ಸಂತಾನಕ್ಕೆ, ಆರನೆಯದು ಋತುಗಳಿಗೆ. ಏಳನೆಯದು ‘ಸಖಾ ಸಪ್ತಪದೀ ಭವ’: ಏಳು ಹೆಜ್ಜೆ ಇಟ್ಟೆ, ಗೆಳತಿಯಾಗು. ಸಪ್ತಪದಿ ಇರುವ ಮದುವೆ ಈ ಏಳನೆಯ ಹೆಜ್ಜೆಗೆ ಪೂರ್ಣವಾಗುತ್ತದೆ ಎಂದು 1955ರ ಹಿಂದೂ ವಿವಾಹ ಕಾಯ್ದೆಯೇ ಹೇಳುತ್ತದೆ. ಅಂದರೆ ಕಾನೂನಿನ ಲೆಕ್ಕದಲ್ಲೂ ಮದುವೆ ಮುಗಿಯುವುದು ಗೆಳೆತನದ ಹೆಜ್ಜೆಗೆ. ಅನ್ನದಿಂದ ಹೊರಟು ಗೆಳೆತನಕ್ಕೆ ಮುಟ್ಟುವ ಈ ಏಳನ್ನೇ ಅಟ್ಟಣಿಗೆ ಮಾಡಿಕೊಂಡು ನಿಮ್ಮ ಮಾತು ಕಟ್ಟಬಹುದು. ಮಂತ್ರದಲ್ಲಿ ಹೇಳುವವನು ಹುಡುಗನೊಬ್ಬನೇ. ನೀವು ಒಂದೊಂದು ಹೆಜ್ಜೆಗೆ ಒಬ್ಬೊಬ್ಬರಂತೆ ಹೇಳಿಕೊಳ್ಳಿ.

ನಾನು ಹೇಳುವ ಕಟ್ಟಳೆ ಒಂದೇ. ವಚನದ ಪ್ರತಿ ವಾಕ್ಯವೂ ‘ಮಾಡುತ್ತೇನೆ’ ಎಂದೋ ‘ಮಾಡುವುದಿಲ್ಲ’ ಎಂದೋ ಮುಗಿಯಬೇಕು, ಮತ್ತು ಮುರಿದರೆ ಎದುರಿನವರಿಗೆ ಗೊತ್ತಾಗುವಂತಿರಬೇಕು. ‘ನಿನ್ನನ್ನು ರಾಣಿಯಂತೆ ನೋಡಿಕೊಳ್ಳುತ್ತೇನೆ’ ಎಂಬುದನ್ನು ಯಾರು ಅಳೆಯುತ್ತಾರೆ? ಅದನ್ನು ಹೊಡೆದು ಹಾಕಿ ಇಂಥವನ್ನು ಬರೆಯಿರಿ:

ನಿನ್ನನ್ನು ಕೇಳದೆ ನಿನ್ನ ಸಂಬಳದ ಮೇಲೆ ಯಾರಿಗೂ ಮಾತು ಕೊಡುವುದಿಲ್ಲ.
ನಿನ್ನ ತಾಯಿಗೆ ಕಾಯಿಲೆಯಾದರೆ ಅದು ನಿನ್ನ ಕಡೆಯ ಖರ್ಚು ಎನ್ನುವುದಿಲ್ಲ.
ಸಿಟ್ಟು ಬಂದಾಗ ನಿನ್ನ ಮನೆಯವರ ಹೆಸರು ಎತ್ತುವುದಿಲ್ಲ.
ಮಕ್ಕಳು ಬೇಕೇ, ಯಾವಾಗ ಬೇಕು ಎಂಬುದನ್ನು ನಾವಿಬ್ಬರೇ ಕುಳಿತು ತೀರ್ಮಾನಿಸುತ್ತೇವೆ.
ನೀನು ಮಾತು ನಿಲ್ಲಿಸಿದ ದಿನ ನಾನೇ ಮೊದಲು ಮಾತನಾಡಿಸುತ್ತೇನೆ.

ಐದು ವಾಕ್ಯ ಸಾಕು. ಇಬ್ಬರದೂ ಒಂದೇ ಅಳತೆಯಲ್ಲಿರಲಿ. 1662ರ ಆಂಗ್ಲಿಕನ್ ಪ್ರಾರ್ಥನಾ ಗ್ರಂಥದಲ್ಲಿ ಹೆಣ್ಣು ‘ವಿಧೇಯಳಾಗಿರುತ್ತೇನೆ’ ಎಂದು ಮಾತು ಕೊಡಬೇಕಿತ್ತು, ಗಂಡಿಗೆ ಆ ಸಾಲು ಇರಲಿಲ್ಲ. ಅಂಥ ಸಾಲು ನಿಮ್ಮಲ್ಲಿ ನುಸುಳಿದೆಯೇ ಎಂದು ನೋಡಲು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಓದಿ. ಅವನದು ‘ಕಾಪಾಡುತ್ತೇನೆ’, ಅವಳದು ‘ಹೊಂದಿಕೊಳ್ಳುತ್ತೇನೆ’ ಎಂದಿದ್ದರೆ ಮತ್ತೆ ಬರೆಯಿರಿ. ಆಮೇಲೆ ಜೋರಾಗಿ ಓದಿ. ಒಂದು ಉಸಿರಿಗೆ ಮುಗಿಯದ ವಾಕ್ಯವನ್ನು ಎರಡು ಮಾಡಿ. ದಿನ ಬಂದಾಗ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಂಡು ಹೋಗಿ. ಕೈಯಲ್ಲಿ ಮೆಹಂದಿ, ಹಾರ, ಬೆವರು ಎಲ್ಲ ಇರುವಾಗ ಮೊಬೈಲಿನ ಪರದೆ ತೆರೆಯುವುದಿಲ್ಲ.

ಪುರೋಹಿತರಿಲ್ಲದ ಮದುವೆ ಬೇಕೆನ್ನುವವರಿಗೆ ಕನ್ನಡದಲ್ಲಿ ಸಿದ್ಧವಾದ ದಾರಿ ಕುವೆಂಪು ಅವರ ಮಂತ್ರಮಾಂಗಲ್ಯ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯಲ್ಲಿ ಅವರೇ ನಡೆಸಿಕೊಟ್ಟ ಪದ್ಧತಿ. ವರದಕ್ಷಿಣೆ, ಆಡಂಬರ ಇಲ್ಲದೆ, ಗಂಡು ಹೆಣ್ಣು ಅರ್ಥವಾಗುವ ಮಾತಿನಲ್ಲಿ ಪ್ರತಿಜ್ಞೆ ಓದುತ್ತಾರೆ, ಬಂದವರು ಸಾಕ್ಷಿಗಳು. ಹೋದವರು ಗಿಜಿಗುಡದೆ ಕೇಳಿಸಿಕೊಳ್ಳಬೇಕು, ಅದೇ ಅಲ್ಲಿ ನಿಮ್ಮ ಉಡುಗೊರೆ.

ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನಡೆಯುವ ಮದುವೆಗೂ ವಚನವಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಂತೆ ಮೊದಲು ನೋಟಿಸ್, ಆಮೇಲೆ 30 ದಿನ ಕಾಯುವುದು, ಅನಂತರ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ ಒಬ್ಬರಾದ ಮೇಲೆ ಒಬ್ಬರು ‘ಇವರನ್ನು ನನ್ನ ಕಾನೂನುಬದ್ಧ ಪತಿಯನ್ನಾಗಿ’, ‘ಪತ್ನಿಯನ್ನಾಗಿ ಸ್ವೀಕರಿಸುತ್ತೇನೆ’ ಎಂದು ಹೇಳಬೇಕು. ಹೇಳದೆ ಮದುವೆ ಆಗುವುದಿಲ್ಲ. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು, ಹಾಗಾಗಿ ಕನ್ನಡದಲ್ಲಿ ಧೈರ್ಯವಾಗಿ ಹೇಳಿ. ಕಡತಗಳ ನಡುವೆ, ಫ್ಯಾನಿನ ಕೆಳಗೆ ಗೊಣಗಿಬಿಡಬೇಡಿ. ಸಾಕ್ಷಿಗೆ ಹೋದ ಸ್ನೇಹಿತರು ಒಂದೆರಡು ಮೊಳ ಮಲ್ಲಿಗೆ ಒಯ್ದರೆ ಆ ಕಚೇರಿಯ ಗುಮಾಸ್ತರೂ ಒಮ್ಮೆ ತಲೆಯೆತ್ತಿ ನೋಡುತ್ತಾರೆ.

ಕವರಿನ ಮೇಲೆ

ಮುಯ್ಯಿಯ ಕವರಿನೊಳಗೆ ಎಷ್ಟು ಹಾಕುತ್ತೀರಿ ಎಂಬುದು ನಿಮ್ಮ ಲೆಕ್ಕ; ಮೇಲೊಂದು ರೂಪಾಯಿ ಸೇರಿಸಿ 101, 501 ಮಾಡುವುದು ವಾಡಿಕೆ. ಕವರಿನ ಮೇಲೆ ಬರೆಯುವುದು ಮಾತ್ರ ಸರಿಯಾಗಿರಲಿ. ಮದುವೆಯ ಮರುದಿನ ಹುಡುಗಿಯ ಅಪ್ಪ ಚಾಪೆಯ ಮೇಲೆ ಕವರುಗಳನ್ನು ಸುರಿದುಕೊಂಡು ಮುಯ್ಯಿ ಪುಸ್ತಕಕ್ಕೆ ಏರಿಸುತ್ತಿರುತ್ತಾರೆ. ‘ಮಂಜುನಾಥ ಮತ್ತು ಕುಟುಂಬ’ ಎಂದಷ್ಟೇ ಇದ್ದರೆ ನಾಲ್ಕು ಮಂಜುನಾಥರಲ್ಲಿ ಯಾರೆಂದು ಮನೆಯಲ್ಲಿ ಚರ್ಚೆ ಹತ್ತುತ್ತದೆ. ಹೆಸರು, ಊರು, ಸಂಬಂಧ ಮೂರನ್ನೂ ಬರೆಯಿರಿ: ‘ಹೊನ್ನಾಳಿ ಮಂಜುನಾಥ, ಹುಡುಗಿಯ ಅಪ್ಪನ ಸಹಪಾಠಿ.’ ಅದರ ಕೆಳಗೆ ಜಾಗ ಉಳಿದಿದ್ದರೆ ಒಂದು ಸಾಲು ಹಾರೈಕೆ. ಬಾಲ್ ಪೆನ್ನಿನಲ್ಲಿ ಬರೆಯಿರಿ. ಇಂಕು ಪೆನ್ನಿನದು ಊಟದ ಕೈ ಒರೆಸಿಕೊಂಡವರ ಬೆರಳು ತಾಗಿದರೆ ಕದಡುತ್ತದೆ.